ಯಾರ ಕಣ್ಣೂ ಬೀಳಬಾರದು

ಟಕ್.

ನಡುರಾತ್ರಿಯ ಆ ಸದ್ದು ಏನೆಂದು ಎದ್ದು ನೋಡುವ ಮೊದಲೇ ಸೊಸೆಗೆ ಗೊತ್ತಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪಿನದು. ಹಜಾರದಲ್ಲಿ ಅತ್ತೆ ಗೋಸುಂಬೆಯ ಪಂಜರಕ್ಕೆ ಮತ್ತೆ ಹಳೆಯ ಹೊದಿಕೆ ಸಿಕ್ಕಿಸುತ್ತಿದ್ದರು.

"ಮತ್ತೆ ಶುರು ಮಾಡಿದ್ರಾ ಅತ್ತೆ?"

"ಬಸುರಿ ಕಣಮ್ಮ ಅದು. ಯಾರ ಕಣ್ಣೂ ಬೀಳಬಾರದು. ಅವ್ರೇ ಹೇಳಿದ್ದು..."

"ಯಾರು, ಪಕ್ಕದ್ಮನೆಯವರಾ? ಮಲಗಿ ಹೋಗಿ."

ಅತ್ತೆಯ ಪರವಾಗಿ ಅವಳಿಗೇ ನಾಚಿಕೆಯಾಯಿತು. ಗಂಡಿನ ಮುಖವನ್ನೇ ಕಾಣದ ಗೋಸುಂಬೆಯೂ ಮೊಟ್ಟೆ ಕಟ್ಟುತ್ತದೆ, ಇಡಲಾಗದಿದ್ದರೆ ಸಾಯುತ್ತದೆ. ಅಷ್ಟನ್ನು ಅವಳು ಓದಿಕೊಂಡಿದ್ದಳು. ಇಲ್ಲಿ ಬೇಕಾದದ್ದು ದೃಷ್ಟಿಯ ಭಯವಲ್ಲ, ನಿಗಾ.

ಗೋಸುಂಬೆ ಮಗಳದು. ಯೋಚಿಸಿ ಯೋಚಿಸಿ ಹೆಜ್ಜೆಯಿಡುವ ಅದಕ್ಕೆ ಗಂಭೀರಮ್ಮ ಎಂದು ಹೆಸರಿಟ್ಟವಳೂ ಅವಳೇ. ಶಾಲೆಯ ಶಿಬಿರಕ್ಕೆ ವಾರದ ಮಟ್ಟಿಗೆ ಹೊರಟಾಗ ಆ ಹನ್ನೊಂದರ ಹುಡುಗಿ ಹೇಳಿದ್ದು ಒಂದೇ ಮಾತು: "ಚೆನ್ನಾಗಿ ನೋಡ್ಕೋ ಅಮ್ಮ."

ಅದರ ಮರುದಿನವೇ ಹೊಟ್ಟೆ ಉಬ್ಬಿತ್ತು. ಸೊಸೆ ಮುದ್ರಣಾಲಯಕ್ಕೆ ಹೋಗಿದ್ದರಿಂದ ಡಾಕ್ಟರ ಬಳಿ ಒಯ್ದವರು ಅತ್ತೆ. ಪಂಜರದೊಳಗೆ ಒದ್ದೆ ಮರಳಿನ ಬಕೆಟ್ ಇಡಬೇಕಂತೆ, ಅದರಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದಂತೆ, ಹಾಗಂತೆ, ಹೀಗಂತೆ. ಸೊಸೆ ಬಕೆಟ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಹೊಡೆದುಹಾಕಿದಳು. ಕರಡು ತಿದ್ದುವುದೇ ಅವಳ ಕೆಲಸ.

ಬೆಳಿಗ್ಗೆ ಹೊದಿಕೆ ತೆಗೆದಳು. ಕೆಲಸಕ್ಕೆ ರಜೆ ಹಾಕಿ, ಮೇಜನ್ನು ಪಂಜರದ ಪಕ್ಕಕ್ಕೆ ಎಳೆದುಕೊಂಡು, ಗಂಟೆ ನೋಡಿ ಗುರುತು ಹಾಕುತ್ತ ಕೂತಳು. ಹತ್ತೂವರೆ: ಬಕೆಟ್ಟಿಗೆ ಇಳಿಯಿತು. ಹತ್ತು ನಲವತ್ತು: ತೋಡುತ್ತಿದೆ. ಉಸಿರು ಬಿಗಿಹಿಡಿದು ಬಗ್ಗಿದಳು. ಒಂದು ಕಣ್ಣು ನಿಧಾನವಾಗಿ ಇವಳತ್ತ ತಿರುಗಿತು. ಮೈ ಕಪ್ಪಾಯಿತು. ಹತ್ತು ನಲವತ್ತೈದು: ಬಿಟ್ಟು ಮೇಲೆ ಹತ್ತಿತು.

ದಿನವೂ ಅದೇ ಕಥೆ. ಅತ್ತೆ ಹೊದಿಸುವುದು, ಇವಳು ತೆಗೆಯುವುದು.

"ಕಣ್ಣೂ ಇಲ್ಲ, ಗಿಣ್ಣೂ ಇಲ್ಲ ಅತ್ತೆ. ಯಾರಾದ್ರೂ ಕೇಳಿದ್ರೆ ನಕ್ಕಾರು."

"ಆಗ್ಲಮ್ಮ, ನೀನು ಓದಿದೋಳು. ಆದ್ರೂ ಓದಿದೋರ ಕಣ್ಣೂ ಕಣ್ಣೇ ಅಲ್ವಾ?"

ಅಂದೇ ಅವಳು ಎರಡೂ ಕ್ಲಿಪ್ಪುಗಳನ್ನು ತನ್ನ ಕೈಚೀಲದಲ್ಲಿ ಬಚ್ಚಿಟ್ಟಳು.

ಮಗಳು ಮರಳಿದ ಬೆಳಿಗ್ಗೆ ಗಂಭೀರಮ್ಮ ಕಣ್ಣು ತೆರೆಯಲಿಲ್ಲ. ಮೂವರೂ ಆಸ್ಪತ್ರೆಗೆ ಓಡಿದರು.

ಡಾಕ್ಟರು ಎರಡು ಬೆರಳಿನಿಂದ ಹೊಟ್ಟೆ ಸವರಿದರು. "ಮೊಟ್ಟೆ ಎಲ್ಲ ಒಳಗೇ ಸಿಕ್ಕಿಕೊಂಡಿದೆ. ಈಗಲೇ ಕೊಯ್ದು ತೆಗೀಬೇಕು. ಬದುಕುತ್ತೆ ಅಂತ ಮಾತು ಕೊಡಲಾರೆ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಅವತ್ತೇ ಹೇಳಿದ್ದೆನಲ್ಲಮ್ಮ, ಯಾರ ಕಣ್ಣೂ ಬೀಳಬಾರದು, ಪಂಜರ ಮುಚ್ಚಿಡಿ ಅಂತ? ತೋಡುವಾಗ ಯಾರೋ ನೋಡ್ತಿದ್ದಾರೆ ಅನ್ನಿಸಿದ್ರೆ ಸಾಕು, ಮೊಟ್ಟೆ ಇಡದೆ ತಡ್ಕೊಂಡುಬಿಡುತ್ತೆ. ಯಾರು ನೋಡ್ತಾ ಕೂತಿದ್ದು?"

ಸೊಸೆಯ ಕಿವಿ ಕಾದವು. ಬಾಯಿ ತೆರೆದಳು.

"ನಾನೇ ಡಾಕ್ಟ್ರೇ," ಎಂದರು ಅತ್ತೆ. "ಮನಸ್ಸು ತಡೀಲಿಲ್ಲ. ಇಣುಕಿ ಇಣುಕಿ ನೋಡ್ತಿದ್ದೆ."

ಮಗಳು ಅಜ್ಜಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಬಂದು ಅಮ್ಮನ ಸೊಂಟ ತಬ್ಬಿದಳು. "ನೀನು ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೆ, ಅಲ್ವಾ ಅಮ್ಮ?"

ಆ ತಬ್ಬುಗೆಗೆ ಕೈಚೀಲದೊಳಗೆ ಕ್ಲಿಪ್ಪುಗಳು ಟಕ್ ಎಂದವು. ಅತ್ತೆ ಕೇಳಿಸದವರಂತೆ ಗೋಡೆ ನೋಡಿದರು. ಸೊಸೆ ಚೀಲವನ್ನು ಬಿಗಿಯಾಗಿ ಅವುಚಿಕೊಂಡು, ತೆರೆದ ಬಾಯನ್ನು ಮುಚ್ಚಿದಳು. ಇನ್ನೆಂದೂ, ಯಾರ ಮುಂದೆಯೂ, ಈ ಮಾತಿಗೆ ತೆರೆಯಬಾರದೆಂದು.