ಎರಡನೆಯ ಅಭಿಪ್ರಾಯ

ಬೀರು ಗೋಡೆ ಬಿಟ್ಟು ಗೇಣುದ್ದ ಸರಿದದ್ದೇ ತಡ, ಹಿಂದಿನಿಂದ ಒಂದು ಲಕೋಟೆ ಜಾರಿ ನೆಲಕ್ಕೆ ಬಿತ್ತು. ಧೂಳು ಒರೆಸಿದ ಗುಮಾಸ್ತೆಯ ಕೈ ಅಲ್ಲೇ ನಿಂತಿತು. ಮೂಲೆಯಲ್ಲಿ 'ಬಂದಿದೆ' ಎಂಬ ನೀಲಿ ಮೊಹರು, ಹದಿನೆಂಟು ವರ್ಷ ಹಿಂದಿನ ತಾರೀಕು, ಕೆಳಗೆ ಅವಳದೇ ಸಹಿ. ಪ್ರಬಂಧ ಸಂಖ್ಯೆ ನೂರಾ ಏಳು. ಲಕೋಟೆ ಒಡೆದೇ ಇರಲಿಲ್ಲ.

ಅವಳು ಕೆಲಸ ಮಾಡುವ ಅರ್ಥಶಾಸ್ತ್ರದ ಪತ್ರಿಕೆಗೆ ಆಗ ಎಲ್ಲವೂ ಅಂಚೆಯಲ್ಲೇ ಬರುತ್ತಿತ್ತು. ಬಂದ ಪ್ರಬಂಧದಿಂದ ಹೆಸರಿರುವ ಹಾಳೆ ಕಿತ್ತು, ನಂಬರು ಕೊಟ್ಟು, ಇಬ್ಬರು ಪರಿಣತರ ಅಭಿಪ್ರಾಯಕ್ಕೆ ಕಳಿಸುವುದು ಅವಳ ಕೆಲಸ. ಬರೆದವರು ಯಾರೆಂದು ಓದುವವರಿಗೆ ತಿಳಿಯಕೂಡದು, ಓದಿದವರು ಯಾರೆಂದು ಬರೆದವರಿಗೂ ತಿಳಿಯಕೂಡದು. ಎಲ್ಲಿ ಬಾಯಿ ಜಾರೀತೋ ಎಂದು ಕಚೇರಿಯಲ್ಲಿ ನಂಬರೇ ಹೆಸರು. ನೂರಾ ಏಳು ಅಂದರೆ ಸೋಮವಾರ ಹನ್ನೊಂದಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದ ಹುಡುಗಿ, ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿ.

"ಅಕ್ಕಾ, ಬಂತಾ?"

"ಒಬ್ಬರದ್ದು ಬಂದಿದೆ ಕಣಮ್ಮ. ಇನ್ನೊಬ್ಬರು ಕುಂಭಕರ್ಣರು."

ಆಮೇಲೆ ಹತ್ತು ನಿಮಿಷ ಲೋಕಾಭಿರಾಮ. ಆ ಹತ್ತು ನಿಮಿಷಕ್ಕೇ ಸೋಮವಾರ ಬೇಗ ಬರಲಿ ಅಂತ ಗುಮಾಸ್ತೆಗೆ ಅನ್ನಿಸುತ್ತಿತ್ತು. ಪ್ರಬಂಧ ಅಚ್ಚಾದರೆ ಹುಡುಗಿಯ ಕೆಲಸ ಕಾಯಂ. ಹನ್ನೊಂದು ತಿಂಗಳು ಕಾದರು. ಬಂದಿದ್ದ ಒಂದೇ ಅಭಿಪ್ರಾಯ 'ಬೇಡ' ಎಂದಿತ್ತು. ವಿಷಾದದ ಪತ್ರ ಟೈಪು ಮಾಡಿದವಳೂ ಇವಳೇ. ಮೊಹರಿನ ತಾರೀಕು ಆ ಪತ್ರಕ್ಕಿಂತ ಒಂಬತ್ತು ದಿನ ಮುಂಚಿನದು.

ಒಡೆದು ಆ ಎರಡನೆಯವರ ಅಭಿಪ್ರಾಯ ಓದಿದಳು. 'ಇಂಥದ್ದನ್ನು ಓದಿ ಬಹಳ ಕಾಲವಾಗಿತ್ತು. ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಧಾರಾಳವಾಗಿ ಅಚ್ಚು ಹಾಕಿ.'

"ಹರಿದು ಹಾಕಿ ಮೇಡಂ," ಎಂದರು ಹೊಸ ಸಂಪಾದಕರು. "ಈಗೆಲ್ಲ ಕಂಪ್ಯೂಟರಲ್ಲೇ ಬರತ್ತೆ, ಬೀರೂ ಬೇಡ, ಬೀರು ಹಿಂದೆ ಬೀಳೋದೂ ಇಲ್ಲ. ಆರಿದ ಒಲೆ ಊದಿ ಏನು ಸಿಗತ್ತೆ?"

"ಬೂದಿ ನನ್ನ ಕಣ್ಣಿಗೇ ಬೀಳಲಿ ಬಿಡಿ ಸಾರ್." ಹಳೇ ರಿಜಿಸ್ಟರ್ ತೆರೆದು ಹುಡುಗಿಯ ಮೊಬೈಲ್ ನಂಬರು ಒತ್ತಿದಳು. "ಹಲೋ... ನೂರಾ ಏಳಾ?"

"ಅಕ್ಕಾ! ಹಾಗೆ ಕರೆಯೋರು ಜಗತ್ತಲ್ಲಿ ನೀವೊಬ್ಬರೇ. ಅಯ್ಯೋ ಸಾರ್, ಬ್ರೇಕು, ಬ್ರೇಕು! ಅದು ಕ್ಲಚ್ಚು! ಗಾಡಿ ಪಕ್ಕಕ್ಕೆ ಹಾಕಿ... ಈಗ ಡ್ರೈವಿಂಗ್ ಕಲಿಸ್ತೀನಿ ಅಕ್ಕಾ. ದಿನಾ ಜೀವ ಕೈಯಲ್ಲಿ ಹಿಡ್ಕೊಂಡೇ ದುಡಿಮೆ."

ಗುಮಾಸ್ತೆಗೆ ನಗು ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. "ಬೀರು ಮೇಲಿಟ್ಟವಳೂ ನಾನೇ, ಮರೆತವಳೂ ನಾನೇ. ನಿನ್ನ ಅನ್ನ ಕಿತ್ಕೊಂಡೆ ಕಣೇ. ಬೈಯಿ, ಕೇಳಿಸ್ಕೋತೀನಿ."

ಆ ಕಡೆ ಟಿಕ್ ಟಿಕ್ ಎನ್ನುತ್ತಿದ್ದ ಕಾರಿನ ಇಂಡಿಕೇಟರ್ ಆರಿಸಿದ ಸದ್ದು ಕೇಳಿಸಿತು.

"ಪ್ರಶ್ನೆ ಏನು ಕೇಳಿದಾರೆ?"

ಗುಮಾಸ್ತೆ ಕನ್ನಡಕ ಸರಿಮಾಡಿಕೊಂಡು ಓದಿದಳು. "'ಮಾರುಕಟ್ಟೆ ಮುಚ್ಚುವ ಹೊತ್ತಿಗೆ ತರಕಾರಿ ಬೆಲೆ ಇಳಿಯುತ್ತದೆ ಎಂದಿದ್ದೀರಿ. ಮಳೆಯ ದಿನ?'"

"ಮಳೆ ಬಂದ್ರೆ ಮಧ್ಯಾಹ್ನಕ್ಕೇ ಇಳಿಯತ್ತೆ. ಆಮೇಲೆ?"

"'ಇಳಿಯುವ ತನಕ ಕಾಯುವವರು ಯಾರು? ಅವರನ್ನು ಮಾತಾಡಿಸಿದಿರಾ?'"

"ನಮ್ಮಮ್ಮ," ಎಂದಿತು ದನಿ, ಸಣ್ಣಗೆ. "ಗೇಟಿನ ಹತ್ರ ಚೀಲ ಮಡಚಿ ಹಿಡ್ಕೊಂಡು ನಿಂತಿರ್ತಿದ್ಲು, ನಾನೂ ಪಕ್ಕದಲ್ಲಿ. ಓದಿದವರು ನಗ್ತಾರೆ ಅಂತ ಅದನ್ನ ಬರೀಲಿಲ್ಲ ಅಕ್ಕಾ."

"ಹೊರಡೋಣ್ವಾ ಮೇಡಂ?" ಎಂದು ಕಾರಿನೊಳಗೆ ಯಾರೋ ಕೇಳಿದರು.

"ಒಂದ್ನಿಮಿಷ ತಡೀರಿ ಸಾರ್." ಮತ್ತೆ ಫೋನಿಗೆ ಬಾಯಿ ಹತ್ತಿರ ತಂದಂತಾಯಿತು. "ಅಕ್ಕಾ, ಉತ್ತರ ಕಳಿಸೋಕೆ ಎಷ್ಟು ದಿನ ಕೊಡ್ತಾರೆ?"