ನೂರನೆಯ ಲ್ಯಾಂಡಿಂಗ್

“ತೊಂಬತ್ತೊಂಬತ್ತು,” ಎಂದಳು ಲೈಸೆನ್ಸ್ ವಿಭಾಗದ ಅಧಿಕಾರಿ. “ಒಂದು ಕಮ್ಮಿ.”

ಕ್ಯಾಪ್ಟನ್‌ಗೆ ಮೈಯೆಲ್ಲ ಉರಿಯಿತು. ಆರು ವಾರದಿಂದ ಈ ಹೆಂಗಸು ಅವನನ್ನು ಸತಾಯಿಸುತ್ತಿದ್ದಳು. ಮೊದಲ ದಿನ ಅವನು ಒಳಗೆ ಬಂದಾಗಲೇ ಮೇಜಿನ ಮೇಲಿದ್ದ ಫೋಟೋವನ್ನು ಮಗುಚಿಟ್ಟು, ಮುಖ ಗಂಟಿಕ್ಕಿಕೊಂಡು ಫೈಲು ಬಿಚ್ಚಿದವಳು. ನಡುವೆ ಫೋನ್ ಬಂದರೆ “ಇನ್ನೂ ಇಲ್ಲಮ್ಮ” ಎಂದು ಇಟ್ಟುಬಿಡುತ್ತಿದ್ದಳು. ವೈದ್ಯಕೀಯ ಪರೀಕ್ಷೆ ಮುಗಿದಿತ್ತು. ಲೈಸೆನ್ಸ್ ಅಸಲಿ ಎಂದು ಅವನ ದೇಶದಿಂದ ಉತ್ತರವೂ ಬಂದಿತ್ತು. ಈಗ ಹೊಸ ತಕರಾರು: ಹೊರಗಿನ ಲೈಸೆನ್ಸ್ ಇಲ್ಲಿ ನಡೆಯಬೇಕಾದರೆ ದೊಡ್ಡ ವಿಮಾನವನ್ನು ಸ್ವಂತ ಕೈಯಿಂದ ನೂರು ಸಲ ಇಳಿಸಿರಬೇಕು.

ಅವನಿಗೆ ಈ ಲೈಸೆನ್ಸ್ ಬೇಕಾಗಿದ್ದು ಹೊಟ್ಟೆಪಾಡಿಗಲ್ಲ, ಸೇಡಿಗೆ. ಐದು ವರ್ಷದ ಹಿಂದೆ ಅವನ ವಿಮಾನ ರನ್‌ವೇ ದಾಟಿ ಗೋಡೆಗೆ ಗುದ್ದಿತ್ತು. ಪಕ್ಕದ ಸೀಟಿನ ಸಹಪೈಲಟ್ ಸತ್ತ. ಇಳಿಸಿದ್ದು ಸತ್ತವನೇ, ತಪ್ಪೂ ಅವನದೇ ಎಂದು ವಿಚಾರಣಾ ಸಮಿತಿ ಬರೆಯಿತು. ಸತ್ತವನ ಮನೆಯವರ ಮುಖ ನೋಡಲೂ ಕ್ಯಾಪ್ಟನ್ ಹೋಗಲಿಲ್ಲ. ಸಮಿತಿ ಹಾಗೆ ಬರೆದರೂ ಕಂಪನಿ ಕ್ಯಾಪ್ಟನ್‌ನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ಈಗ ಇಲ್ಲಿನ ಕಂಪನಿಯ ಸಮವಸ್ತ್ರ ತೊಟ್ಟು ಹಳೆಯ ಮೇಲಧಿಕಾರಿಯ ಕಣ್ಣೆದುರೇ ಹೋಗಿ ಇಳಿಯಬೇಕು, ಆತ ಹೊಟ್ಟೆ ಉರಿದುಕೊಳ್ಳುವುದನ್ನು ಕಣ್ತುಂಬ ನೋಡಬೇಕು. ನಾಳೆಯೇ ಕರಾರಿಗೆ ಸಹಿ.

“ಒಂದಕ್ಕೋಸ್ಕರ ತಡೀತೀರಾ ಮೇಡಂ?”

“ನಾನ್ಯಾಕೆ ತಡೀಲಿ? ನಿಮ್ಮ ಲಾಗ್‌ಬುಕ್ ತಡೀತಿದೆ.” ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ ಇಳಿಸಿದವರ ಕಾಲಂ ಖಾಲಿ ಬಿಟ್ಟಿದ್ದೀರಿ. ಅವತ್ತು ಇಳಿಸಿದ್ದು ಯಾರು?”

ಅದು ಆ ಅಪಘಾತದ ದಿನ. ಇವಳಿಗೆ ಅದು ಬರೀ ಒಂದು ತಾರೀಕು. ಅವನ ದೇಶದ ಉತ್ತರ ಬಂದಾಗಿದೆ, ಇನ್ನು ಯಾರು ಕೆದಕುತ್ತಾರೆ?

“ನಾನೇ.”

“ಖಂಡಿತಾನಾ? ಪಕ್ಕದಲ್ಲಿದ್ದವರು ಕೈ ಹಾಕಿರಲಿಲ್ವಾ?”

“ಕೊನೇವರೆಗೂ ಕಂಟ್ರೋಲ್ ನನ್ನ ಕೈಲೇ ಇತ್ತು. ಅವನು ಮುಟ್ಟಲೂ ಇಲ್ಲ.”

“ಹಾಗಾದ್ರೆ ಅದನ್ನೇ ಪ್ರಮಾಣ ಮಾಡಿ ಬರೆದುಕೊಡಿ. ನೋಟರಿ ಕೆಳಗಡೆನೇ ಕೂತಿರ್ತಾರೆ.”

ಅರ್ಧ ಗಂಟೆಯಲ್ಲಿ ಅವನು ಮುದ್ರೆ ಹಾಕಿಸಿಕೊಂಡು ಬಂದ. ಐದು ವರ್ಷದಲ್ಲಿ ಮೊದಲ ಸಲ ನಿಜ ಬರೆದಿದ್ದ. ಅದು ಇಷ್ಟು ಸಲೀಸಾಗಿ ಕೆಲಸಕ್ಕೆ ಬಂದೀತೆಂದು ಎಣಿಸಿರಲಿಲ್ಲ.

ಅವಳು ಎರಡೆರಡು ಸಲ ಓದಿದಳು.

“ಎಲ್ಲ ಸರಿಹೋಯ್ತಾ?”

“ಹೋಯ್ತು,” ಎಂದು ಅವಳು ಮೊದಲ ಬಾರಿಗೆ ನಕ್ಕಳು. “ಹೊಸ ಹೇಳಿಕೆ ಅಲ್ವಾ, ಖಚಿತಪಡಿಸೋಕೆ ಒಂದು ಪ್ರತಿ ನಿಮ್ಮ ದೇಶಕ್ಕೆ ಹೋಗುತ್ತೆ. ವಿಚಾರಣಾ ಸಮಿತಿಗೆ.”

ಸಮಿತಿಯ ವಿಷಯವನ್ನು ಅವನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಮಗುಚಿಟ್ಟಿದ್ದ ಫೋಟೋವನ್ನು ಎತ್ತಿ ಅವನತ್ತ ತಿರುಗಿಸಿ ನಿಲ್ಲಿಸಿದಳು. ಹೊಸ ಸಮವಸ್ತ್ರದಲ್ಲಿ ಆ ಸಹಪೈಲಟ್ ನಗುತ್ತಿದ್ದ. ಆಮೇಲೆ ಫೋನ್ ಎತ್ತಿಕೊಂಡಳು.

“ಅಮ್ಮಾ, ಆಯ್ತು. ಅವತ್ತು ಇಳಿಸಿದ್ದು ನಿನ್ನ ಮಗ ಅಲ್ಲ ಅಂತ ಇಳಿಸಿದವನೇ ಬರೆದುಕೊಟ್ಟ.”