ಹೆಸರು ಕೊರೆಸಿದ ಪಾತ್ರೆಗಳು

ಹುಣಸೆಹಣ್ಣಿನಲ್ಲಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ಈಗಲೂ ನನಗೆ ಶಿಕಾರಿಪುರದ ನಮ್ಮ ಪಾತ್ರೆ ಅಂಗಡಿಯ ಒಂದು ಮಂಗಳವಾರದ ಮಧ್ಯಾಹ್ನ ನೆನಪಾಗುತ್ತದೆ.

ಮದುವೆಗೆಂದು ಕೊಂಡ ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ಆಗಿನ ವಾಡಿಕೆ. ಯಾವ ಪಾತ್ರೆಗೆ ಯಾರ ಹೆಸರು ಎಂದು ಒಂದು ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡುವುದು ಒಂಬತ್ತು ವರ್ಷದ ನನ್ನ ಕೆಲಸವಾಗಿತ್ತು.

ಅಂದು ಮಾರಾಟ ತೆರಿಗೆಯ ಇನ್‌ಸ್ಪೆಕ್ಟರ್ ಬಂದು ಅಪ್ಪನ ಬಿಲ್ಲು ಪುಸ್ತಕ ತಿರುವಿದರು. "ಇಷ್ಟು ಮದುವೆ ಆದ್ರೂ ಹದಿನೇಳೇ ಪಾತ್ರೆ ಮಾರಿದ್ರೇನ್ರೀ?" ಎಂದು ನಕ್ಕರು. ಅಪ್ಪನಿಗೆ ಅವಮಾನವಾಯಿತೆಂದು ನನಗೆ ಸಿಟ್ಟು ಬಂತು. ನನ್ನ ನೋಟುಬುಕ್ಕು ಚಾಚಿ, "ಅಲ್ಲ, ಅರವತ್ತೆರಡು" ಎಂದೆ.

ಅವರು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಎಣಿಸಿ, "ಉಳಿದ ನಲವತ್ತೈದಕ್ಕೆ ಬಿಲ್ಲೆಲ್ರೀ?" ಎಂದರು.

"ಹೊಸಬಾಳೆಯಿಂದ ಗಾಡಿ ಕಟ್ಕೊಂಡು ಬಂದೋರು ಸ್ವಾಮಿ. ಹೆಣ್ಣು ಮಗಳ ಮದುವೆ. ಮೇಲೆ ತೆರಿಗೆ ಕೊಡಿ ಅನ್ನೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಬಿಲ್ಲು ಬರೀಲಿಲ್ಲ," ಎಂದರು ಅಪ್ಪ.

"ಹಂಗಾದ್ರೆ ನೀವೇ ಕಟ್ರಿ, ದಂಡ ಸೇರಿಸಿ. ಅಂಗಡಿ ಮಾರಬೇಕಾದೀತು." ಹೊರಡುವಾಗ ಅವರು ನನ್ನತ್ತ ನೋಡಿ, "ಹುಡುಗಿ ಚಂದ ಬರ್ದಿದಾಳೆ," ಎಂದರು.

ಅಪ್ಪ ನನ್ನ ತಲೆ ಸವರಿದರು. "ಹೌದ್ರೀ. ಒಂದು ತಾರೀಕೂ ತಪ್ಪಿಲ್ಲ."

ನಾನು ಕುಣಿಯುತ್ತ ಒಳಗೆ ಓಡಿ, ಇಬ್ಬರೂ ನನ್ನನ್ನು ಹೊಗಳಿದರೆಂದು ಅವ್ವನಿಗೆ ಹೇಳಿದೆ.